ಕಂದು ಚೀಸಿನ ಆಣೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ತುಂಡು ಬ್ರೆಡ್ಡು. ಗುರುವಾರ ಬೆಳಿಗ್ಗೆ ಹಾಲ್ವಾರ್ಡ್ ಬ್ರೆಡ್ಡಿನ ಡಬ್ಬಿ ತೆರೆದರೆ ಒಳಗೆ ಬರೀ ಪುಡಿ. ಹಿಂದಿನ ಸಂಜೆ ಬೇಟೆಯ ಬಂದೂಕಿಗೆ ಎಣ್ಣೆ ಸವರುತ್ತ, ಮನಸ್ಸನ್ನೆಲ್ಲ ಕಾಡಿನಲ್ಲಿಟ್ಟುಕೊಂಡು, ಉಳಿದಿದ್ದ ಬ್ರೆಡ್ಡನ್ನು ತಾನೇ ಮೆದ್ದು ಮುಗಿಸಿದ್ದು ಆಗ ನೆನಪಾಯಿತು. ಮೇಜಿನ ಮೇಲೆ ಎಂಟು ವರ್ಷದ ಮಗಳು ಸಿಗ್ನೆಯ ಊಟದ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

ಬೇರೆ ವಾರವಾಗಿದ್ದರೆ ಅವನು ಇಷ್ಟು ಬೆವರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಹೆಂಡತಿ ಸುನ್ನಿವಾ ತಂಗಿಯ ಬಾಣಂತನಕ್ಕೆಂದು ಉತ್ತರದ ಟ್ರೊಮ್ಸೊಗೆ ಹೋಗಿದ್ದಳು. ಹೊರಡುವಾಗ ಹೊಸಿಲ ಮೇಲೆ ನಿಂತು ಬೆರಳೆತ್ತಿ ಹೇಳಿದ್ದಳು:

"ನೋಡು, ಶುಕ್ರವಾರ ನಾನು ವಾಪಸ್ ಬರೋವರೆಗೆ ಶಾಲೆಯಿಂದ ಒಂದೇ ಒಂದು ದೂರು ನನ್ನ ಕಿವಿಗೆ ಬೀಳಕೂಡದು. ಬಿತ್ತೋ, ನಿನ್ನ ಕಡವೆ ಬೇಟೆ ಈ ವರ್ಷಕ್ಕೆ ಮರೆತುಬಿಡು."

ಅವಳದೂ ತಪ್ಪಲ್ಲ. ಹಿಂದಿನ ಸಲ ಅವಳು ಊರಲ್ಲಿಲ್ಲದಾಗ ಹಾಲ್ವಾರ್ಡ್ ಮಗಳನ್ನು ಮನೆಯೊಳಗಿನ ಉಣ್ಣೆಚಪ್ಪಲಿಯಲ್ಲೇ ಹಿಮಕ್ಕೆ ಕಳಿಸಿದ್ದ. ಆದರೆ ಕಡವೆ ಬೇಟೆ ಎಂದರೆ ಸಾಮಾನ್ಯವೇ? ಬರುವ ಸೋಮವಾರ ಶುರು. ಆ ಕಡೆಯ ಗಂಡಸರಿಗೆ ವರ್ಷವೆಂದರೆ ಆ ಒಂದು ವಾರ. ಉಳಿದದ್ದೆಲ್ಲ ಅದಕ್ಕಾಗಿ ಕಾಯುವುದು.

ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ಹಾಲ್ವಾರ್ಡ್ ಫ್ರಿಜ್ಜಿನೊಳಗೆ ತಲೆ ತೂರಿಸಿದ. ಒಂದಷ್ಟು ಲೆಫ್ಸೆ ಇತ್ತು, ನಮ್ಮ ಕರವಸ್ತ್ರದಷ್ಟು ಮೆತ್ತಗಿನ ಆಲೂಗಡ್ಡೆ ರೊಟ್ಟಿ. ಹೋದ ವರ್ಷದ ಬೇಟೆಯ ಕೊನೆಯ ಮಾಂಸದ ತುಂಡಿತ್ತು. ಹುಳಿಕೆನೆಯಿತ್ತು, ಲಿಂಗನ್ ಹಣ್ಣಿನ ಜಾಮಿತ್ತು. ಮಾಂಸವನ್ನು ತೆಳ್ಳಗೆ ಹೆಚ್ಚಿ, ಕೆನೆ ಸವರಿ, ಮೇಲೆ ಕೆಂಪಗೆ ಜಾಮು ಚೆಲ್ಲಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಎರಡಾಗಿ ಕತ್ತರಿಸಿ ಡಬ್ಬಿಗಿಟ್ಟ. ನೋಡಿದರೆ ಅವನಿಗೇ ಬಾಯಲ್ಲಿ ನೀರೂರಿತು.

"ಇದೇನಪ್ಪಾ? ಬ್ರೆಡ್ಡೆಲ್ಲಿ?" ಎಂದಳು ಸಿಗ್ನೆ.

"ತಿಂದು ನೋಡು, ಆಮೇಲೆ ಮಾತಾಡು."

ಹಾಲ್ವಾರ್ಡ್ ಮರೆತದ್ದು ಇಷ್ಟೇ. ಆ ಊರಿನಲ್ಲಿ ಶಾಲೆಯ ಡಬ್ಬಿಯೆಂದರೆ ಕಂದು ಬ್ರೆಡ್ಡು, ಅದರ ಮೇಲೆ ಕಂದು ಚೀಸು, ಒಂದರ ಮೇಲೊಂದು ಅಂಟದಿರಲೆಂದು ನಡುವೆ ಒಂದು ಹಾಳೆ. ಡಾಕ್ಟರ ಮಗನಿಗೂ ಅದೇ, ಲಾರಿ ಓಡಿಸುವವನ ಮಗಳಿಗೂ ಅದೇ. ಅಜ್ಜಂದಿರು ಅದನ್ನೇ ತಿಂದು ಬೆಳೆದಿದ್ದರು, ಯಾರೂ ಹೊಗಳಿರಲಿಲ್ಲ. ರುಚಿಯಾಗಿರುವುದು ಅದರ ಕೆಲಸವೇ ಅಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಹಾಲ್ವಾರ್ಡ್ ಮರದ ಹಲಗೆ, ಮೊಳೆ, ಬಣ್ಣ ಮಾರುವ ಅಂಗಡಿಯಲ್ಲಿ ಗುಮಾಸ್ತ. ಮಧ್ಯಾಹ್ನ ಗಿರಾಕಿಯೊಬ್ಬರಿಗೆ ತಿರುಪು ಎಣಿಸಿಕೊಡುತ್ತಿದ್ದಾಗ ಫೋನು ಬಡಿದುಕೊಂಡಿತು. ಸಿಗ್ನೆಯ ಟೀಚರ್ ಟೂರಿಡ್.

"ಹಾಲ್ವಾರ್ಡ್, ನೀವು ಡಬ್ಬಿಗೆ ಏನ್ ಹಾಕಿದ್ರಿ?"

"ಯಾಕೆ ಟೀಚರ್, ಹೊಟ್ಟೆ ಕೆಟ್ಟಿತಾ?"

"ಕೆಟ್ಟಿದ್ರೆ ವಾಸಿ ಆಗ್ತಿತ್ತು! ಅದನ್ನ ನೋಡಿ ಅರ್ಧ ಕ್ಲಾಸು ಬ್ರೆಡ್ ಮುಟ್ಟಲ್ಲ ಅಂತ ಕೂತಿದೆ. ಒಬ್ಬ ತನ್ನ ಚೀಸನ್ನ ಕಿಟಕಿಯಿಂದ ಕಾಗೆಗೆ ಎಸೆದ. ಆ ಕಾಗೇನೂ ತಿನ್ಲಿಲ್ಲ ಅಂತ ಮಿಕ್ಕೋರು ಚಪ್ಪಾಳೆ ಹೊಡೆದ್ರು. ನಾನು ಈ ಕ್ಲಾಸನ್ನ ಹೇಗೆ ನಡೆಸ್ಲಿ?"

"ಬ್ರೆಡ್ ಮುಗಿದುಹೋಗಿತ್ತು ಟೀಚರ್..."

"ಎಲ್ಲರ ಮನೇಲೂ ಮುಗಿಯತ್ತೆ. ಎಲ್ಲರೂ ಹಬ್ಬದೂಟ ಕಳಿಸ್ತಾರಾ? ಇವತ್ತು ಸಾಯಂಕಾಲ ಪೋಷಕರ ಸಭೆ ಇದ್ಯಲ್ಲ, ಅಲ್ಲಿ ಇದು ಬರತ್ತೆ."

"ಸುನ್ನಿವಾಗೆ ಮಾತ್ರ..."

"ಅದು ಸಭೆ ಹೇಗಾಗತ್ತೆ ಅನ್ನೋದರ ಮೇಲೆ," ಎಂದು ಟೂರಿಡ್ ಫೋನಿಟ್ಟಳು.

ಹಾಲ್ವಾರ್ಡ್ ಎಣಿಕೆ ತಪ್ಪಿ ಗಿರಾಕಿಗೆ ಎರಡು ಹಿಡಿ ತಿರುಪು ಹೆಚ್ಚು ಕೊಟ್ಟುಬಿಟ್ಟ. ಶಾಲೆ ಬಿಟ್ಟು ಸ್ವಲ್ಪ ಹೊತ್ತಿಗೆ ಹಲಗೆಗಳ ಕಡೆಯಿಂದ ಸ್ಟೈನಾರ್ ಬಂದ. ಸ್ಟೈನಾರ್ ಅದೇ ಅಂಗಡಿಯಲ್ಲಿ ಕೆಲಸ ಮಾಡುವವನು, ಬೇಟೆ ತಂಡದ ನಾಯಕನೂ ಅವನೇ. ಅವನ ಅವಳಿ ಮಕ್ಕಳು ಸಿಗ್ನೆಯ ಕ್ಲಾಸಿನಲ್ಲಿದ್ದರು.

"ಏನಯ್ಯಾ, ದೊಡ್ಡ ಮನುಷ್ಯ ಆಗ್ಬಿಟ್ಟೆ?" ಎಂದ ಸ್ಟೈನಾರ್. "ಹೆಂಡ್ತಿ ಫೋನ್ ಮಾಡಿದ್ಲು. ಮಕ್ಕಳು ಶಾಲೆಯಿಂದ ಬಂದೋರು ಬ್ಯಾಗ್ ಬಿಸಾಕಿ, 'ಸಿಗ್ನೆಯಪ್ಪ ನಮ್ಮಪ್ಪ ಆಗ್ಬಾರ್ದಿತ್ತಾ' ಅಂತಿವೆಯಂತೆ. ಹದಿನೈದು ವರ್ಷದಿಂದ ನಿನ್ನ ಪಕ್ಕ ಗುರಿ ಹಿಡಿದು ಕೂತೋನು ನಾನು. ನನಗೇ ಗುಂಡು ಹೊಡೀತೀಯಲ್ಲೋ!"

"ಒಂದು ರೊಟ್ಟಿ ಕಣೋ ಸ್ಟೈನಾರ್. ಒಂದೇ ಒಂದು ರೊಟ್ಟಿ."

"ಊರು ಸುಡೋಕೆ ಬೆಂಕಿಕಡ್ಡೀನೂ ಒಂದೇ ಸಾಕು," ಎಂದು ಸ್ಟೈನಾರ್ ತನ್ನ ಡಬ್ಬಿ ತೆರೆದು, ಕಂದು ಚೀಸನ್ನು ಬೇಕೆಂದೇ ಸದ್ದು ಮಾಡಿಕೊಂಡು ಅಗಿದ.

ಮನೆಗೆ ಬಂದರೆ ಪಕ್ಕದ ಮನೆಯ ಗುಡ್ವೈಗ್ ಟಪಾಲು ಪೆಟ್ಟಿಗೆಯ ಬಳಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಿದ್ದಳು. ಅವಳ ಮಗ ಔಡುನ್ ಸಿಗ್ನೆಯ ಬೆಂಚಿನವನು.

"ನಮ್ಮ ಔಡುನ್ ಇನ್ನು ಬದುಕಿರೋವರೆಗೂ ಕಂದು ಚೀಸು ತಿನ್ನಲ್ವಂತೆ," ಎಂದಳು. "ಆ ಕೆನೆ ಹೇಗಿತ್ತು, ಮಾಂಸ ಹೇಗಿತ್ತು, ಜಾಮು ಎಲ್ಲೆಲ್ಲಿ ಇಳಿದಿತ್ತು ಅಂತ ಅರ್ಧ ಗಂಟೆ ವರ್ಣಿಸಿದ. ಓದೋದರಲ್ಲಿ ಅಷ್ಟು ಗಮನ ಇದ್ದಿದ್ರೆ ಮಂತ್ರಿ ಆಗ್ತಿದ್ದ! ನಾವೇನು ಮಕ್ಕಳನ್ನ ಪ್ರೀತಿಸಲ್ವಾ? ನೀನೊಬ್ಬನೇ ಅಪ್ಪನಾ?"

"ತಪ್ಪಾಯ್ತು ಗುಡ್ವೈಗ್. ಸಭೇಲಿ ಎಲ್ಲರ ಮುಂದೆ ಒಪ್ಕೋತೀನಿ."

"ಒಪ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾಳೆ ಸುನ್ನಿವಾ ಬರ್ತಾಳಲ್ಲ," ಎಂದು ಅವಳು ಅರ್ಧಕ್ಕೇ ನಿಲ್ಲಿಸಿದಳು. ಉಳಿದರ್ಧ ಹಾಲ್ವಾರ್ಡನಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಸಭೆ. ಸಿಗ್ನೆಯನ್ನು ಎದುರುಮನೆಯ ಅಜ್ಜಿಯ ಹತ್ತಿರ ಬಿಟ್ಟು ಹಾಲ್ವಾರ್ಡ್ ಹೋದ. ಮಕ್ಕಳ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಬೇರೆ ಸಭೆಗಳಲ್ಲಿ ಬಾಯಿ ಬಿಡದವರೆಲ್ಲ ಅಂದು ಕೈಯೆತ್ತಿದರು. ಒಬ್ಬರು ಸಮಾನತೆ ಎಂದರು, ಇನ್ನೊಬ್ಬರು ಇದು ಹೀಗೇ ಬಿಟ್ಟರೆ ನಾಳೆ ಡಬ್ಬಿಗೆ ಸಮುದ್ರದ ಏಡಿ ಬರುತ್ತದೆ ಎಂದರು. ಕೊನೆಗೆ ಹಾಲ್ವಾರ್ಡ್ ಎದ್ದ. ಕುರ್ಚಿಯೂ ಅವನಿಗೆ ಸಿಕ್ಕಿಕೊಂಡು ಜೊತೆಗೇ ಎದ್ದಿತು.

"ನನ್ನಿಂದ ಎಲ್ಲರಿಗೂ ತೊಂದರೆ ಆಯ್ತು," ಎಂದ, ಹಿಂದಿನ ಕುರ್ಚಿಯನ್ನು ಒಂದು ಕೈಯಲ್ಲಿ ಕೀಳುತ್ತ. "ಇನ್ನು ಮೇಲೆ ನನ್ನ ಮಗಳ ಡಬ್ಬಿಗೆ ಬ್ರೆಡ್ಡು, ಕಂದು ಚೀಸು. ಅಷ್ಟೇ. ಆಣೆ ಮಾಡಿ ಹೇಳ್ತೀನಿ."

ಕೋಣೆಯ ತುಂಬ ನಿಟ್ಟುಸಿರು ಹರಿದಾಡಿತು. ಟೂರಿಡ್ ಮುಖ ಸಡಿಲಿಸಿ, "ಹಾಗಾದ್ರೆ ಇದು ಇಲ್ಲಿಗೇ ಮುಗೀತು, ಯಾರ ಮನೆಗೂ ಒಯ್ಯೋದು ಬೇಡ," ಎಂದಳು. ಹಾಲ್ವಾರ್ಡನ ಕಣ್ಣ ಮುಂದೆ ಸೋಮವಾರದ ಮುಂಜಾವು, ಮಂಜು, ಪೊದೆಯ ಆಚೆ ಎರಡು ಕೊಂಬು ಮೂಡಿದವು. ಅವನಿಗೆ ಖುಷಿಯಿಂದ ಅಳುವೇ ಬಂತು.

ಸಭೆ ಮುಗಿಸಿ ಹೊರಬಂದರೆ, ಸೈಕಲ್ ನಿಲ್ಲಿಸುವ ಮಾಡಿನ ಹತ್ತಿರ ಯಾರೋ ತೋಳು ಜಗ್ಗಿದರು. ಗುಡ್ವೈಗ್.

"ಶ್! ಕೇಳಿಲ್ಲಿ. ಅದನ್ನ ಔಡುನ್‌ಗೆ ದಿನಾ ಒಂದು ಮಾಡ್ಕೊಡು. ಬ್ರೆಡ್ಡಿನ ಹಾಳೇಲೇ ಸುತ್ತು, ಯಾರಿಗೂ ಗೊತ್ತಾಗಲ್ಲ. ಸುನ್ನಿವಾ ಬೆಳಗಿನ ಪಾಳಿಗೆ ಆಸ್ಪತ್ರೆಗೆ ಹೋದ ಮೇಲೆ ಮಾಡಿ ಸೌದೆ ಕೊಟ್ಟಿಗೇಲಿಡು, ನಾನು ತಗೋತೀನಿ."

"ಈಗ ತಾನೇ ನೀನು..."

"ಅದು ಸಭೆ ಕಣಯ್ಯಾ! ನೀನು ಹೂಂ ಅಂದ್ರೆ ಸುನ್ನಿವಾ ಕಿವಿಗೆ ಇವತ್ತಿನ ವಿಷಯ ಬೀಳಲ್ಲ."

ಹಾಲ್ವಾರ್ಡ್ ಹೂಂ ಎಂದ.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಸ್ಟೈನಾರ್ ಕತ್ತಲಿಂದ ಬಂದ. "ಅವಳಿಗಳಿಗೆ ಎರಡು. ಹೆಂಡ್ತಿ ಹೇಳಿದಾಳೆ, ನಾನೇನ್ ಮಾಡ್ಲಿ? ಅವಳು ಸುನ್ನಿವಾ ಜೊತೆ ಒಂದೇ ವಾರ್ಡಲ್ಲಿ ಕೆಲಸ ಮಾಡೋದು, ಗೊತ್ತಲ್ಲ."

"ಸೋಮವಾರ ಬೇಟೆ ಇದ್ಯಲ್ಲೋ! ಬೆಳಕು ಹರಿಯೋ ಮುಂಚೆ ಕಾಡಲ್ಲಿರಬೇಕು."

"ನಾನಿರ್ತೀನಿ. ನೀನೇನೂ ಚಿಂತೆ ಮಾಡ್ಬೇಡ," ಎಂದು ಸ್ಟೈನಾರ್ ಅವನ ಬೆನ್ನು ತಟ್ಟಿದ. "ನಿನ್ನ ಜಾಗದಲ್ಲಿ ನನ್ನ ಭಾವಮೈದುನ ಕೂತ್ಕೋತಾನೆ. ರೊಟ್ಟಿಗೆ ಬೇಕಾದ ಮಾಂಸ ನಾವು ತಂದ್ಕೊಡ್ತೀವಿ."

ಕೊನೆಗೆ ಕಾರಿನ ಗಾಜು ತಟ್ಟಿದವಳು ಟೂರಿಡ್.

"ನಿಮಗೂ ಮಕ್ಕಳಿದಾರಾ ಟೀಚರ್?" ಎಂದ ಹಾಲ್ವಾರ್ಡ್ ಸೋತ ಧ್ವನಿಯಲ್ಲಿ.

"ಇಲ್ಲ, ನನಗೇ." ಟೂರಿಡ್ ಕೆಂಪಾದಳು. "ಇಪ್ಪತ್ತು ವರ್ಷದಿಂದ ಮಕ್ಕಳ ಮುಂದೆ ನಗುನಗ್ತಾ ಕಂದು ಚೀಸು ತಿಂತಿದೀನಿ ಹಾಲ್ವಾರ್ಡ್. ಸಾಕಾಗಿಹೋಗಿದೆ. ಅವತ್ತವತ್ತೇ ಮಾಡಿದ್ದಾಗಿರ್ಲಿ, ತಂಗಳಾದ್ರೆ ಲೆಫ್ಸೆ ಒಣಗತ್ತೆ."

ಮನೆ ಸೇರಿ ಕೋಟು ತೆಗೆಯುವ ಮುಂಚೆಯೇ ಸುನ್ನಿವಾಳ ಫೋನು ಬಂತು.

"ಟೂರಿಡ್ ಹತ್ರ ಈಗಷ್ಟೇ ಮಾತಾಡ್ದೆ. ಒಂದು ದೂರೂ ಇಲ್ವಂತೆ! ನಿನ್ನ ಬಗ್ಗೆ ಎಷ್ಟು ಹೊಗಳಿದ್ಲು ಅಂತೀಯ! ಹೋಗ್ಬಾ, ಸೋಮವಾರದಿಂದ ಇಡೀ ವಾರ ಬೇಟೆಗೆ ಹೋಗ್ಬಾ."

ಹೇಳಿದರೆ ಬೇಟೆ ಇಲ್ಲ. ಹೇಳದಿದ್ದರೂ ಬೇಟೆ ಇಲ್ಲ. ಹೇಳದಿದ್ದರೆ ಮಾನವಾದರೂ ಉಳಿಯುತ್ತದೆ ಎಂದು ಹಾಲ್ವಾರ್ಡ್ ಲೆಕ್ಕ ಹಾಕಿದ.

"ಈ ವರ್ಷ ಮನೇಲೇ ಇರೋಣ ಅಂತಿದೀನಿ," ಎಂದ.

"ಜ್ವರ ಬಂದಿದ್ಯಾ?"

"ಇಲ್ಲ. ಹೀಗೇ."

"ಅಯ್ಯೋ ನನ್ನ ಬಂಗಾರ! ಎಷ್ಟು ಬದಲಾಗ್ಬಿಟ್ಟೆ!" ಎಂದಳು ಸುನ್ನಿವಾ. "ಹಾಗಾದ್ರೆ ಒಳ್ಳೇದೇ ಆಯ್ತು, ಬೇಲಿಗೆ ಬಣ್ಣ ಹೊಡೆದುಬಿಡು."

ಫೋನಿಟ್ಟು ತಿರುಗಿದರೆ ಎದುರುಮನೆಯಿಂದ ಬಂದ ಸಿಗ್ನೆ ನಿಂತಿದ್ದಳು. ಹಾಲ್ವಾರ್ಡನಿಗೆ ಒಂದೇ ಸಮಾಧಾನ: ಏನೇ ಆಗಲಿ, ಮಗಳು ಡಬ್ಬಿಯನ್ನು ಖಾಲಿ ಮಾಡಿಕೊಂಡು ಬಂದಿದ್ದಳು.

"ಪುಟ್ಟಿ, ನಿಜ ಹೇಳು, ಇವತ್ತಿನ ಸುರುಳಿ ಹೇಗಿತ್ತು?"

"ನಂಗೇನ್ ಗೊತ್ತು? ಔಡುನ್‌ಗೆ ಕೊಟ್ಟು ಅವನ ಬ್ರೆಡ್ ಇಸ್ಕೊಂಡೆ," ಎಂದಳು ಸಿಗ್ನೆ. "ನಾಳೆಗೆ ಮರೀದೆ ಕಂದು ಚೀಸೇ ಹಾಕಪ್ಪಾ. ಅವರಮ್ಮ ಹಾಕೋ ಥರ ದಪ್ಪಕ್ಕೆ ಹಾಕು."

ಹಾಲ್ವಾರ್ಡ್ ಹೊಳೆಯುತ್ತಿದ್ದ ಬಂದೂಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ ಅಡುಗೆಮನೆಗೆ ಹೋಗಿ ಲಟ್ಟಣಿಗೆ ಹುಡುಕತೊಡಗಿದ.