ಹಲಗೇರಿ ಹುಡುಗನ ಪ್ರೊಬೇಷನ್

ರಾಜ್ಯ ಸರ್ಕಾರ ಮಕ್ಕಳ ಕಾನೂನಿಗೆ ಹೊಸ ನಿಯಮ ಹೊರಡಿಸಿದಾಗಲೆಲ್ಲ ನಮ್ಮ ಹಾವೇರಿಯಲ್ಲಿ ಯಾರಾದರೊಬ್ಬರು ಪೇಚಿಗೆ ಸಿಕ್ಕೇ ಸಿಗುತ್ತಾರೆ. ಹೆಚ್ಚಿನ ಸಲ ಅದು ನಾನೇ. ನಾನು ಬಾಲ ನ್ಯಾಯ ಮಂಡಳಿಯ ಪರಿವೀಕ್ಷಣಾಧಿಕಾರಿ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಮನೆ, ನಡತೆ ವಿಚಾರಿಸಿ ವರದಿ ಕೊಡುವುದು, ಆಮೇಲೆ ಅವರ ಮೇಲೊಂದು ಕಣ್ಣಿಡುವುದು ನನ್ನ ಕೆಲಸ. ಜನ ನನ್ನನ್ನು ಶಾಲೆ ಟೀಚರೆಂದೇ ತಿಳಿದು ಅಕ್ಕಾರು ಎನ್ನುತ್ತಾರೆ, ನಾನೂ ಓಗೊಡುತ್ತೇನೆ.

ಈ ಸಲ ಎಲ್ಲಕ್ಕೂ ಕಾರಣ ಹಲಗೇರಿಯ ಹದಿನೈದರ ಹುಡುಗ. ರಾಣೇಬೆನ್ನೂರಿನಲ್ಲಿ ಚಾವಿ ಸಮೇತ ನಿಂತಿದ್ದ ಯಾರದೋ ಬೈಕು ಕಂಡು, ಒಂದು ಸುತ್ತು ಹೊಡೆದು ಬರೋಣವೆಂದು ಹತ್ತಿದವನು ಬ್ಯಾಡಗಿಯವರೆಗೆ ಹೋಗಿಬಿಟ್ಟಿದ್ದ.

೧. ಏನಂತ ಕರೀಬೇಕು?

ಮಕ್ಕಳನ್ನು ಆರೋಪಿ ಅನ್ನಬಾರದು, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅನ್ನಬೇಕು ಎಂದು ಠಾಣೆ ಠಾಣೆಗೂ ಹೋಗಿ ಹೇಳಿ ಬಂದಿದ್ದೆ. ಬ್ಯಾಡಗಿ ಪೇದೆ ಅದನ್ನು ನೆನಪಿಟ್ಟುಕೊಂಡೇ ಫೋನ್ ಮಾಡಿದ.

“ಅಕ್ಕಾರ, ಒಬ್ಬ ಆರೋಪಿನ್ನ ಹಿಡ... ಅಲ್ರಿ, ತಪ್ಪಾತು. ಇಲ್ಲೊಂದು ಸಂಘರ್ಷ ಬಂದು ಕುಂತೈತ್ರಿ.”

“ಹೆಂಗ ಸಿಕ್ತು?”

“ಪೆಟ್ರೋಲ್ ತೀರಿ ಗಾಡಿ ದೂಡಕೋತ ಹೊಂಟಿತ್ರಿ. ಪಾಪ, ಸಣ್ಣ ಹುಡುಗ ಅಂತ ನಾನೂ ಹಿಂದಿನಿಂದ ದೂಡಿದೆ. ಠಾಣೆ ದಾಟಿ ಪೆಟ್ರೋಲ್ ಬಂಕ್ ತನಕಾ ದೂಡೀನ್ರಿ. ಗಾಡಿ ಕಳುವಾಗೇತಿ ಅಂತ ಫೋನ್ ಬಂದದ್ದು ಆಮ್ಯಾಲೆ.”

“ಹುಡುಗ ಏನಂದ?”

“ಥ್ಯಾಂಕ್ಸ್ ಅಂದನ್ರಿ.”

೨. ಮಫ್ತಿ

ಮಗುವನ್ನು ಮಂಡಳಿಗೆ ಕರೆತರುವಾಗ ಪೊಲೀಸರು ಖಾಕಿ ತೊಡುವಂತಿಲ್ಲ, ಬೇಡಿ ಹಾಕುವಂತಿಲ್ಲ. ನಮ್ಮ ಪೇದೆ ಹಳೆಯ ಅಂಗಿ ತೊಟ್ಟು, ಹೆಗಲಿಗೆ ಟವೆಲ್ ಹಾಕಿ, ಗಡ್ಡ ಕೂಡ ಹೆರೆಯದೆ, ಹುಡುಗನ ಮುಂಗೈ ಗಟ್ಟಿಯಾಗಿ ಹಿಡಿದು ಹಾವೇರಿ ಬಸ್ಸು ಹತ್ತಿದ. ಹುಡುಗ ಬಿಕ್ಕುತ್ತಿದ್ದ.

ಹಿಂದಿನ ಸೀಟಿನ ಅಜ್ಜಿ ಕೇಳಿದಳು: “ಯಾರಪಾ ನೀ? ಈ ಹುಡುಗ ನಿನಗೇನಾಗಬೇಕು?”

ಹುಡುಗನ ವಿಷಯ ಬಾಯಿಬಿಡಬಾರದು ಅಂತಲೂ ನಿಯಮ. “ಏನೂ ಆಗಬೇಕಿಲ್ರಿ,” ಅಂದ ಪೇದೆ.

ಅಷ್ಟೇ ಸಾಕಾಯಿತು. ‘ಮಕ್ಕಳ ಕಳ್ಳ’ ಎಂದು ಗದ್ದಲವೆದ್ದಿತು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಇಬ್ಬರು ಪೇದೆಯ ಕೊರಳಪಟ್ಟಿ ಹಿಡಿದರು. ಗುರುತಿನ ಚೀಟಿ ಖಾಕಿ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಕಡೆಗೆ ಹುಡುಗನೇ ಸೀಟಿನ ಮೇಲೆ ನಿಂತು ಕೂಗಿದ:

“ಬಿಡ್ರಿ ಅವರ್ನ! ಅವ್ರು ಪೊಲೀಸ್ರು. ಕಳ್ಳ ನಾನು!”

೩. ಸಾಹೇಬರು ಯಾರು?

ಜಾಮೀನಿನ ಮೇಲೆ ಮನೆಗೆ ಹೋಗಿದ್ದ ಹುಡುಗನ ತೀರ್ಮಾನದ ದಿನ ಬಂತು. ಮಗನನ್ನು ಹದಿನೆಂಟು ತುಂಬುವತನಕ ರಿಮಾಂಡ್ ಹೋಮಿಗೆ ಹಾಕುತ್ತಾರೆಂದು ಯಾರೋ ಹೇಳಿ, ಅವನ ತಾಯಿ ಊಟ ಬಿಟ್ಟಿದ್ದಳು. ನನಗೂ ಒಳಗೊಳಗೇ ಭಯ. ಹತ್ತನೇ ಇಯತ್ತೆಯ ಹುಡುಗ, ಮೊದಲ ತಪ್ಪು, ಮನೆಯಲ್ಲೇ ತಿದ್ದಿಕೊಳ್ಳಲಿ ಎಂದು ವರದಿ ಬರೆದಿದ್ದೆ. ಒಪ್ಪುವುದು ಬಿಡುವುದು ಮಂಡಳಿಯದು.

ಮಕ್ಕಳು ಹೆದರಬಾರದೆಂದು ಅಲ್ಲಿ ಕಟಕಟೆಯಿಲ್ಲ, ಎತ್ತರದ ಪೀಠವಿಲ್ಲ, ಕರಿಕೋಟಿಲ್ಲ. ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿರುತ್ತಾರೆ. ಒಳಗೆ ಬಂದ ತಾಯಿ ಸುತ್ತಲೂ ನೋಡಿದಳು. ಗಿರಿಜಾ ಮೀಸೆ ಬಿಟ್ಟು, ಬಿಳಿ ಬಟ್ಟೆ ತೊಟ್ಟು ನಿಂತವನು ಒಬ್ಬನೇ. ಓಡಿಹೋಗಿ ಅವನ ಕಾಲು ಹಿಡಿದಳು.

“ಸಾಹೇಬ್ರ, ನನ್ನ ಮಗನ್ನ ನನಗ ಕೊಡ್ರಿ!”

ಕೈಯಲ್ಲಿದ್ದ ತಾಟಿನ ಕಪ್ಪುಗಳೆಲ್ಲ ಗಲಗಲ ಅಂದವು. “ಏಳವ್ವಾ, ಏಳ. ನಾ ಕೊಡೂದು ಬರೇ ಚಾ,” ಎಂದ ಜವಾನ.

ಮೇಜಿನ ಮೂಲೆಯಲ್ಲಿ ಕೂತಿದ್ದ ನ್ಯಾಯಾಧೀಶೆ ನಕ್ಕುಬಿಟ್ಟರು. “ಮೊದಲು ಆಕಿಗೆ ಚಾ ಕೊಡ್ರಿ. ಮಗನ್ನ ನಾವು ಕೊಡ್ತೇವಿ.”

೪. ಪೇಡೆ

ಒಂದು ವರ್ಷ ಪ್ರೊಬೇಷನ್, ತಂದೆ-ತಾಯಿಯ ಹತ್ತಿರವೇ ಎಂದು ಆದೇಶವಾಯಿತು. ನನ್ನ ಎದೆಯೂ ಹಗುರಾಯಿತು. ಮುಂದಿನ ವಾರ ಹುಡುಗನನ್ನು ನೋಡಲು ಹಲಗೇರಿಗೆ ಹೋದರೆ, ಓಣಿಯಲ್ಲೇ ನೆರೆಮನೆಯಾಕೆ ಎದುರಾಗಿ ನನ್ನ ಕೈಗೊಂದು ಪೇಡೆ ಇಟ್ಟಳು.

“ಈ ಮನೀ ಹುಡುಗ ಪ್ರೊಬೇಷನ್ ಮ್ಯಾಗ ಅದಾನಂತ್ರಿ! ಇನ್ನೂ ಮೀಸಿ ಮೂಡಿಲ್ಲ, ನೌಕರಿ ಹತ್ತೈತಿ! ಅವರಪ್ಪನೇ ಪೇಡೆ ಹಂಚ್ಯಾನ್ರಿ. ವರ್ಷ ಕಳದ್ರ ಪರ್ಮನೆಂಟ್ ಅಂತ!”

ನಾನು ಲಗುಬಗೆಯಿಂದ ಒಳಗೆ ಹೋಗಿ ಬಾಗಿಲು ಹಾಕಿದೆ. “ಇದು ನೌಕರಿ ಅಲ್ರಿ. ಒಂದು ವರ್ಷ ನೆಟ್ಟಗ ಇದ್ರ ಕೇಸ್ ಮುಗೀತೈತಿ, ಅಷ್ಟ.”

ತಂದೆಯ ಮುಖ ಸಣ್ಣದಾಯಿತು. “ಅಂದ್ರ ಪಗಾರ ಇಲ್ಲೇನ್ರಿ?”

“ಸುಮ್ನಿರ್ರಿ, ಮಗ ಕಣ್ಣ ಮುಂದ ಅದಾನ, ಮತ್ತೇನು ಬೇಕು?” ಎಂದಳು ತಾಯಿ.

ಹೊರಗೆ ಬಂದರೆ ನೆರೆಮನೆಯಾಕೆ ಕಟ್ಟೆಯ ಮೇಲೆ ಕಾಯುತ್ತಿದ್ದಳು. “ಅಕ್ಕಾರ, ಪೋಸ್ಟಿಂಗ್ ಎಲ್ಲಿ ಕೊಟ್ಟಾರ್ರಿ?”

ಖರೇ ಹೇಳಿದರೆ ಹುಡುಗನ ಗುಟ್ಟು ರಟ್ಟಾಗುತ್ತದೆ, ಕಾನೂನು ಬಿಡುವುದಿಲ್ಲ. ಸುಳ್ಳು ಹೇಳಲು ನಾಲಿಗೆ ಬಾರದು. ನಾನು ಬಗ್ಗಿ ಚಪ್ಪಲಿ ಹುಡುಕುತ್ತಿರುವಾಗ, ಬಾಗಿಲಿಗೆ ಬಂದ ತಾಯಿ ಮಗನನ್ನು ಎಳೆದು ಅಪ್ಪಿಕೊಂಡು ಹೇಳಿದಳು:

“ಇಲ್ಲೇ ಕೊಟ್ಟಾರ್ರಿ, ನಮ್ಮ ಮನ್ಯಾಗ!”

ನೆರೆಮನೆಯಾಕೆ ನಿಟ್ಟುಸಿರು ಬಿಟ್ಟಳು. “ಪುಣ್ಯಾ ಮಾಡೀದಿ ತಂಗಿ. ನಮ್ಮ ಮಗನ್ನ ಬೀದರಕ್ಕ ಒಗದಾರ.”