ಹೆಣ್ಣೋ ಗಂಡೋ ತಿಳಿಯದ ಮರ

ಹಂಗಳದ ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಕೆಟ್ಟಿರುವುದು ಅರ್ಧ ತಲೆ ಮಾತ್ರ, ಉಳಿದರ್ಧದಲ್ಲಿ ಒಂದು ಮರವಿದೆ!

ಅವರ ಮನೆಗೆ ಹೋದವರು ಕಾಫಿಗೆ ಮೊದಲು ಹಿತ್ತಿಲಿಗೆ ಹೋಗಿ ಆ ಮರ ನೋಡಲೇಬೇಕು. ಮಾವ ಬುಡದಲ್ಲಿ ನಿಂತು ಕೇಳುತ್ತಾರೆ: “ನೋಡ್ಬುಟ್ಟು ಏಳ್ಲಾ, ಎಣ್ಣಾ ಗಂಡಾ?”

ಅದನ್ನು ಹೇಳಲು ನಾನೇನು ಜ್ಯೋತಿಷಿಯೇ? ಚಾಮರಾಜನಗರದ ಕಚೇರಿಯೊಂದರ ಗುಮಾಸ್ತ! ಅದು ಪೈನ್ ಮರದ ದಾಯಾದಿಯಂತೆ. ಮಳೆಕಾಡಿನಲ್ಲಿ ಎಲ್ಲೋ ಒಂದೊಂದು ಉಳಿದಿರುವ, ಸದಾ ಹಸಿರಾಗಿರುವ ಜಾತಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಕಚ್ಚುವ ವಯಸ್ಸಾಗುವವರೆಗೆ ಯಾವುದೆಂದು ಬ್ರಹ್ಮನಿಗೂ ತಿಳಿಯದು.

“ಸೂಜಿ ಎಲೆ ಇಲ್ವಲ್ಲ ಮಾವ, ಪೈನ್ ಹೆಂಗಾಯ್ತು?” ಎಂದೆ ಒಮ್ಮೆ.

“ಎಲೆ ಬಿಸ್ಲಿಗಿಡ್ದು ನೋಡು. ನಡೂನರ ಅದಾ?”

ಇರಲಿಲ್ಲ.

“ಗೊತ್ತಾಯ್ತಾ? ಪೈನ್ ದಾಯಾದಿಗೆ ನಡೂನರ ಇರ್ನಿಲ್ಲ. ಬಾಯ್ಮುಚ್ಕೊಂಡು ಕಾಪಿ ಕುಡಿ.”

ನಮ್ಮ ಬಿಸಿಲು ಅದಕ್ಕೆ ಆಗದೆಂದು ಕಾಂಡದ ಸುತ್ತ ಒದ್ದೆ ಗೋಣಿಚೀಲ, ಮೇಲೆ ಹಸಿರು ಬಲೆ. ಕಾಡಂಚಿನ ಪುಣಜನೂರಿನ ಪರಿಚಯದವರಿಂದ ಎಲೆಗೊಬ್ಬರದ ಮೂಟೆ ತರುವಾಗ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದರೆ, “ಎಳೇ ಕೂಸಿನ ಊಟಕ್ಕೂ ಲಗೇಜಾ?” ಎಂದು ಜಗಳ. ನನ್ನ ಮದುವೆಯಲ್ಲಂತೂ ಧಾರೆಯ ಹೊತ್ತಿಗೆ ಸೋದರಮಾವನೇ ನಾಪತ್ತೆ! ಗೋಣಿಚೀಲ ಒಣಗುತ್ತದೆಂದು ಬಸ್ ಹತ್ತಿಬಿಟ್ಟಿದ್ದರು.

ಈ ಬೇಸಿಗೆಯಲ್ಲಿ ಮರ ತುದಿಯಿಂದ ಒಣಗತೊಡಗಿತು. ಮಾವ ಊಟ ಬಿಟ್ಟರಂತೆ. ನೋಡಲು ಹೋದವನು ಸಮಾಧಾನ ಹೇಳುವ ಹುಮ್ಮಸ್ಸಿನಲ್ಲಿ, “ಹೋದ್ರೆ ಹೋಗ್ಲಿ ಬುಡಿ ಮಾವ, ಇನ್ನೊಂದು ನೆಟ್ರಾಯ್ತು” ಎಂದುಬಿಟ್ಟೆ. ಅವರು ಬೈಯಲಿಲ್ಲ. ಸುಮ್ಮನೆ ಬೆನ್ನು ತಿರುಗಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

“ಮದ್ವೆಯಾದ ವರ್ಸುಕ್ಕೆ ನಮ್ಗೊಂದು ಕೂಸಾಗಿತ್ತು ಕಣಪ್ಪ. ಉಸ್ರಿರ್ನಿಲ್ಲ. ಬಟ್ಟೇಲಿ ಸುತ್ತಿ ನಿಮ್ಮಾವ್ನ ಕೈಗೆ ಕೊಟ್ರು. ಬಿಚ್ಚಿ ನೋಡ್ನಿಲ್ಲ, ಎಣ್ಣಾ ಗಂಡಾ ಅಂತ ಕೇಳ್ನಿಲ್ಲ. ಇತ್ಲಲ್ಲೇ ಮಣ್ಣು ಮಾಡ್ಬುಟ್ಟು, ಆಗ ನರ್ಸರೀಲಿ ಕೆಲ್ಸ ಮಾಡ್ತಿದ್ರಲ್ಲ, ಅಲ್ಲಿಂದ ಆ ಸಸಿ ತಂದು ಮೇಲೆ ನೆಟ್ರು.”

ಇಷ್ಟು ವರ್ಷ ನಾನು ನಕ್ಕಿದ್ದು ಯಾವುದಕ್ಕೆ!

“ಹೆಣ್ಣೋ ಗಂಡೋ ನಿಮಗೆ ಗೊತ್ತಿತ್ತಾ ಅತ್ತೆ?”

“ಒಂದ್ಗಳ್ಗೆ ನೋಡ್ದೆ. ಅವ್ರು ಕೇಳ್ನಿಲ್ಲ, ನಾ ಏಳ್ನಿಲ್ಲ. ಏಳುದ್ರೆ ತಡ್ಕತಾರೋ ಇಲ್ವೋ ಅಂತ ಎದ್ರಿಕೆ.”

ಅತ್ತೆ ಒಲೆಯ ಉರಿ ತಗ್ಗಿಸಿದರು. ಆಮೇಲೆ ಬಿಂದಿಗೆ ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಮಾವ ಅಲ್ಲಿ ಗೋಣಿಚೀಲ ನೆನೆಸುತ್ತಿದ್ದರು. ಅತ್ತೆ ಬುಡಕ್ಕೆ ನೀರು ಸುರಿದು, ಬಿಂದಿಗೆ ಕೆಳಗಿಟ್ಟು ಹೇಳಿದರು:

“ಎಣ್ಮಗ ಕಣಿ.”

ಮಾವ ಮರದ ಕಡೆ ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡಿದರು. ಕೈಯಿಂದ ಗೋಣಿ ಜಾರಿತು. ಒದ್ದೆ ನೆಲದ ಮೇಲೆ ಹಾಗೇ ಕೂತು ಕೇಳಿದರು:

“ಯಾರಂಗಿದ್ಲು, ಅಮ್ಮಿ?”