ಒಂದು ‘ಹ’ ಅಳಿಸಿದ ತಪ್ಪಿಗೆ

ಕಾಗುಣಿತದ ದೆಸೆಯಿಂದ ಕಾಲು ಉಳುಕಿಸಿಕೊಂಡವರು ಈ ಭೂಮಂಡಲದಲ್ಲಿ ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಜೊತೆಗೆ ಕೂತು ಅಳೋಣ.

ನಾನು ಮಹದೇವಪ್ರಸಾದ್, ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಹೋದ ಭಾನುವಾರ ನಮ್ಮ ಬೀದಿ ತುದಿಯ ಹೋಟೆಲಿಗೆ ಹೊಸ ಬೋರ್ಡು ಬಂತು: ‘ಶುದ್ದ ಸಸ್ಯಹಾರಿ’. ಎರಡು ಪದ, ಎರಡು ಕೊಲೆ. ಮಾಲೀಕರಿಗೆ ಹೇಳಿದರೆ, “ತಿನ್ನೋರ್ ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ ಸಾ” ಎಂದುಬಿಟ್ಟರು. ಭುವನೇಶ್ವರಿಯ ಮಾನ ಕಾಯಲು ನಾನೇ ಸ್ಟೂಲು ಎಳೆದುಕೊಂಡು, ಮಾರ್ಕರ್ ಹಿಡಿದು ಹತ್ತಿದೆ. ‘ದ್ದ’ವನ್ನು ಸೀಳಿ ‘ದ್ಧ’ ಮಾಡಿದ್ದಾಯಿತು. ‘ಸ್ಯ’ಕ್ಕೆ ದೀರ್ಘ ಎಳೆಯಲು ಬಾಗಿದೆ ನೋಡಿ, ಸ್ಟೂಲು ವಾಲಿತು. ದೀರ್ಘ ಬೋರ್ಡಿನ ಮೇಲೆ ಬೀಳಲಿಲ್ಲ. ನಾನೇ ಬೀದಿಯಲ್ಲಿ ದೀರ್ಘವಾಗಿ ಬಿದ್ದೆ.

ಮೂಳೆಗೇನೂ ಆಗಿಲ್ಲ, ಒಂದು ವಾರ ಕಾಲು ಊರಬೇಡಿ ಎಂದು ಡಾಕ್ಟರು ಪಟ್ಟಿ ಸುತ್ತಿ ಮನೆಗೆ ಕಳಿಸಿದರು. ಮಂಚದ ಮೇಲೆ ಕಾಲು ಚಾಚಿ ನರಳುತ್ತಿದ್ದಾಗ, ನನ್ನ ಹೆಂಡತಿ ಸುಧಾಮಣಿ ನನ್ನ ಮೊಬೈಲಿನಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಸುದ್ದಿ ಬರೆಯತೊಡಗಿದಳು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಸುಧಾಮಣಿ ಹಂಗಳದವಳು. ಮದುವೆಯಾಗಿ ಬಂದಾಗ ಅವಳ ಬಾಯಲ್ಲಿ ಹಕಾರವೆಂಬುದೇ ಇರಲಿಲ್ಲ. ಹಾಲು ಆಲಾಗಿತ್ತು, ಹೂವು ಊವಾಗಿತ್ತು. “ಹ ಅನ್ನೇ, ಹ!” ಎಂದು ಇಪ್ಪತ್ತೆರಡು ವರ್ಷ ಅವಳ ಪ್ರಾಣ ತಿಂದಿದ್ದೇನೆ. ಫಲವೇನಾಯಿತು? ಮಾತಿನಲ್ಲಿ ಒಂದು ಹಕಾರವೂ ಬರಲಿಲ್ಲ. ಬರವಣಿಗೆಯಲ್ಲಿ ಮಾತ್ರ ನನ್ನ ಹೆದರಿಕೆಗೆ ಸಿಕ್ಕಸಿಕ್ಕಲ್ಲೆಲ್ಲ ಹಾಕತೊಡಗಿದಳು. ದಿನಸಿ ಚೀಟಿಯಲ್ಲಿ ‘ಹಕ್ಕಿ ಐದು ಕೆ.ಜಿ.’ ಎಂದಿರುತ್ತದೆ. (ಅಂಗಡಿಯವರು ಅಕ್ಕಿಯನ್ನೇ ಕೊಡುತ್ತಾರೆ. ಅವರೂ ಇದೇ ಸೀಮೆಯವರು.)

“ಓದಿ ಕಳ್ಸಿ” ಎಂದು ಮೊಬೈಲ್ ಕೊಟ್ಟಳು. ‘ಬಿದ್ದು ಕಾಲು ಹುಳುಕಿದೆ. ಹೆಲುಬು ಮುರಿದಿಲ್ಲ. ಹಾತಂಕ ಬೇಡ. ನಿಮ್ಮೆಲ್ಲರ ಹಾರೈಕೆ ಬೇಕು.’

“ಕಾಲು ಹುಳುಕಿದೆಯಾ? ಹುಳುಕಾಗೋದು ಹಲ್ಲು ಕಣೇ!”

“ಉಳುಕೋ ಉಳುಕೋ, ನೋವು ನಿಮ್ದು ತಾನೆ? ಕಳ್ಸಿ ಅತ್ಲಾಗೆ.” (ಎರಡರಲ್ಲೊಂದು ಹುಳುಕು. ಯಾವುದೆಂದು ಅವಳೇ ಬಲ್ಲಳು.)

ನಾನು ಶಸ್ತ್ರಚಿಕಿತ್ಸೆಗೆ ಇಳಿದೆ. ಹುಳುಕಿದ್ದು ಉಳುಕಿತು, ಹೆಲುಬು ಎಲುಬಾಯಿತು, ಹಾತಂಕ ಆತಂಕವಾಯಿತು. ಅದೇ ಕಸುವಿನಲ್ಲಿ ನಾಲ್ಕನೆಯ ಹಕಾರವನ್ನೂ ಕೊಚ್ಚಿ, ಕೆಳಗೆ ‘ಇತಿ, ಮಹದೇವಪ್ರಸಾದ್’ ಎಂದು ಸೇರಿಸಿ ಕಳಿಸಿಬಿಟ್ಟೆ. (ನೋವಿನ ಮಾತ್ರೆಯ ಮಂಪರು ಎನ್ನೋಣವೆಂದರೆ, ಮಾತ್ರೆ ನುಂಗಿದ್ದು ಆಮೇಲೆ.) ಇಪ್ಪತ್ತೆರಡು ವರ್ಷದಲ್ಲಿ ಅವಳ ಹಕಾರ ಸರಿಯಾದ ಜಾಗದಲ್ಲಿ ಕೂತಿದ್ದು ಅದೊಂದೇ ಸಲ. ‘ಒಳ್ಳೆಯದಾಗಲಿ ಎಂದು ಹಾರೈಸಿ’ ಎಂದು ಅವಳು ಕೇಳಿದ್ದನ್ನು ನಾನು ‘ಬಂದು ಸೇವೆ ಮಾಡಿ’ ಎಂದು ತಿದ್ದಿದ್ದೆ!

ಮಾರನೆಯ ಬೆಳಿಗ್ಗೆ ಉಡಿಗಾಲದಿಂದ ನನ್ನ ಅಕ್ಕ ಗುರುಮಲ್ಲಮ್ಮ ಎರಡು ಬ್ಯಾಗು ಹೊತ್ತು ಬಂದಿಳಿದಳು. ಹಿಂದೆಯೇ ಕುದೇರಿನಿಂದ ಚಿಕ್ಕಪ್ಪ ಕರಿಬಸವಯ್ಯ, ಕೈಯಲ್ಲೊಂದು ಎಣ್ಣೆ ಬಾಟಲಿ. ಚಿಕ್ಕಪ್ಪ ಉಳುಕು ತೆಗೆಯುವುದರಲ್ಲಿ ಹೆಸರುವಾಸಿ. ಆದರೆ ಇದುವರೆಗೆ ತೆಗೆದದ್ದೆಲ್ಲ ಎತ್ತುಗಳಿಗೆ.

“ಏನ್ಲಾ ಪ್ರಸಾದ,” ಅಕ್ಕ ಬಾಗಿಲಲ್ಲೇ ಕಣ್ಣೀರು ಹಾಕಿದಳು. “ಆರೈಕೆ ಬೇಕು ಅಂತ ಊರಿಗೆಲ್ಲ ಕಾಗ್ದ ಬರಿಯಂಗಾಯ್ತಾ ನಿನ್ ಬಾಳು? ಮನೇಲಿ ಎಂಡ್ತಿ ಅನ್ನೋಳು ಇಲ್ವಾ?”

ಕಾಫಿ ತರುತ್ತಿದ್ದ ಸುಧಾಮಣಿ ಅಲ್ಲೇ ನಿಂತಳು. ಲೋಟ ಕೆಳಗಿಟ್ಟು, ಮೊಬೈಲ್ ತೆಗೆದು ಒಂದೊಂದೇ ಅಕ್ಷರ ಓದಿದಳು.

“ನಾನ್ ಇಂಗೆ ಬರ್ದಿರ್ನಿಲ್ಲ” ಎಂದಳು. “ಆಸ್ಪತ್ರೆಗೆ ಕರ್ಕೊಂಡೋಗಿ, ಬಿಸಿನೀರ್ ಕಾಸಿ, ಕಾಲ್ ಒತ್ತಿ, ಕೊನೇಗೆ ಗಂಡನ್ನ ನೋಡ್ಕೊಳ್ದೋಳು ಅನ್ನಿಸ್ಕೊಂಬುಟ್ನಲ್ಲ!”

ಮೇಷ್ಟ್ರಾಗಿ ಇಪ್ಪತ್ತೈದು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನಿಜವಾದ ಭಯವಾಯಿತು. ತಪ್ಪೊಪ್ಪಿಕೊಳ್ಳದೆ ದಾರಿಯಿರಲಿಲ್ಲ.

“ಅಕ್ಕ, ಅವಳದೇನೂ ತಪ್ಪಿಲ್ಲ. ಬರೆದದ್ದು ನಾನು. ಅದು ಹಾರೈಕೆ, ಆರೈಕೆ ಅಲ್ಲ.”

“ನಾನೂ ಅದೇ ಕಣ್ಲಾ ಯೋಳ್ತಿರದು. ಆರೈಕೆ. ಅದ್ಕೇ ತಾನೆ ಬಂದಿರದು.”

“ಅದಲ್ಲ ಅಕ್ಕ. ಹಾ...ರೈಕೆ!”

“ಊ ಕಣಪ್ಪ, ಆರೈಕೆ. ಜೋರಾಗಿ ಅಂದ್ರೆ ಬೇರೆ ಆಯ್ತದಾ?”

ಚಿಕ್ಕಪ್ಪನ ಕಡೆ ದೀನನಾಗಿ ತಿರುಗಿದೆ. ಎರಡೂ ಪದಗಳನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು, ಜೋರಾಗಿ ನಕ್ಕರು.

“ಗುರುಮಲ್ಲಿ, ಇವ್ನು ಎಂಡ್ತಿ ಮಾನ ಉಳ್ಸಕೆ ಸುಳ್ಳು ಬುಡ್ತಾವ್ನೆ ಕಣವ್ವ. ಇವ್ನು ಕಾಗುಣಿತ ತಪ್ಪಾನಾ? ನನ್ ಮಗಳ ಮದ್ವೆ ಕಾಗ್ದ ಕೊಟ್ರೆ, ಅನ್ನೊಂದು ತಪ್ಪಿಗೆ ಕೆಂಪು ಸುನ್ನೆ ಸುತ್ತಿ ವಾಪಸ್ ಕೊಟ್ಟೋನು ಇವ್ನು!”

ಜೀವಮಾನವಿಡೀ ಗಳಿಸಿದ ಕೀರ್ತಿ ಹೀಗೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು? ತಪ್ಪು ನನ್ನದೇ ಎಂದು ಶಿವನಾಣೆ ಇಟ್ಟೆ. ಆಣೆ ಇಟ್ಟಷ್ಟೂ ಅಕ್ಕ ಕಣ್ಣೊರೆಸಿಕೊಂಡು, “ಎಂತಾ ಗಂಡ! ಪುಣ್ಯ ಮಾಡಿದ್ಲು” ಎಂದು ಸುಧಾಮಣಿಯತ್ತ ದುರುಗುಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದಳು. ಹದಿನೈದು ದಿನ ಇರುತ್ತಾಳಂತೆ. ಅಮೃತಬಳ್ಳಿಯ ಕಷಾಯ ಮೂರು ಹೊತ್ತು. ಉಪ್ಪು, ಹುಳಿ, ಖಾರ ಬಂದ್.

ಸುಧಾಮಣಿ ಸೀರೆ ಬದಲಿಸಿ, ಬ್ಯಾಗು ಹಿಡಿದು ಹೊರಬಂದಳು.

“ಎಲ್ಲಿಗೇ?”

“ಅಂಗಳಕ್ಕೆ. ನಮ್ಮಣ್ಣನ ಮನೇಗೆ. ಅದ್ನೈದ್ ದಿನ ಬುಟ್ಟು ಬತ್ತೀನಿ.”

“ನನ್ನ ಗತಿ?”

ಅವಳು ಹೊಸ್ತಿಲ ಮೇಲೆ ನಿಂತು ಎದೆ ತುಂಬ ಉಸಿರೆಳೆದುಕೊಂಡಳು. “ಆರೈಕೆಗೆ ನಿಮ್ಮಕ್ಕ ಅವ್ರೆ. ನನ್ನ ಹ್ಹ...ಹ್ಹಾರೈಕೆ ಅದೆ” ಎಂದಳು. ಪರದೆ ಅಲ್ಲಾಡುವಂಥ ಹಕಾರ! “ಸರ್ಯಾಗಂದ್ನಾ ಮೇಷ್ಟ್ರೆ?”

ನಾನು ತಲೆಯಾಡಿಸಿದೆ. ಗೇಟಿನ ಸದ್ದಾಯಿತು. ಅವಳು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ್ದಳೋ ಇಲ್ಲವೋ, ಚಿಕ್ಕಪ್ಪ ಅಂಗೈಗೆ ಎಣ್ಣೆ ಸುರಿದುಕೊಂಡು, “ಅಲ್ಲಾಡ್ಬ್ಯಾಡ ಕಣ್ಲಾ” ಎಂದವರೇ ನನ್ನ ಪಾದ ಹಿಡಿದು ಒಮ್ಮೆಗೇ ಎಳೆದರು.

ನನ್ನ ಬಾಯಿಂದ ಹೊರಟದ್ದು ‘ಆ’ಕಾರವೋ ‘ಹಾ’ಕಾರವೋ, ದೇವರಾಣೆ, ನನಗೇ ಗೊತ್ತಾಗಲಿಲ್ಲ.